ಯಾವ ಮುನಿಯಪ್ಪ?

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವಿನ ತೋಪಿಟ್ಟುಕೊಂಡಿರುವ ಯಜಮಾನರೊಬ್ಬರನ್ನು ಊಹಿಸಿಕೊಳ್ಳಿ. ಪಹಣಿಯಲ್ಲಿ ಅವರು ‘ಮುನಿಯಪ್ಪ ಬಿನ್ ದೊಡ್ಡಮುನಿಯಪ್ಪ’. ಆಧಾರ್ ಕಾರ್ಡಿನಲ್ಲಿ ‘ಡಿ. ಮುನಿಯಪ್ಪ’. ಪಡಿತರ ಚೀಟಿಯಲ್ಲಿ ‘ಮುನಿಅಪ್ಪ’. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೆಸರು ಇಂಗ್ಲಿಷಿನಲ್ಲಿದೆ. ಬರೆದವರು ‘ಎನ್’ ಎರಡು ಹಾಕಿ ‘ವೈ’ ಬಿಟ್ಟಿದ್ದಾರೆ. ಊರಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ, ಅಲ್ಲಿ ಅವರು ‘ಕೋಡಿತೋಟದ ಮುನಿಯಣ್ಣ’. ಈ ಐದೂ ಹೆಸರು ಒಬ್ಬರವೇ ಎಂದು ಅಲ್ಲಿನ ಚಿಕ್ಕ ಮಗುವಿಗೂ ಗೊತ್ತು. ಬೆಂಗಳೂರಿನ ಸರ್ವರ್‌ಗೆ ಗೊತ್ತಿಲ್ಲ.

ಸರ್ಕಾರದ ಎಲ್ಲ ಸೇವೆಗಳೂ ಒಂದೇ ಜಾಲತಾಣದಲ್ಲಿ ಸಿಗಬೇಕು ಎಂಬ ಆಸೆಗೆ ಕರ್ನಾಟಕದಲ್ಲಿರುವ ಹೆಸರು ‘ಸೇವಾ ಸಿಂಧು’. 2020ರ ಲಾಕ್‌ಡೌನಿನಲ್ಲಿ ಹೊರರಾಜ್ಯದಿಂದ ಮುಳಬಾಗಿಲಿನ ನಂಗಲಿ ಗಡಿಯ ಕಡೆಯಿಂದ ಊರಿಗೆ ಮರಳಬೇಕಾದವರು ಪಾಸ್‌ಗಾಗಿ ಮೊದಲು ತಡಕಾಡಿದ್ದು ಇದನ್ನೇ. 2023ರಲ್ಲಿ ಗೃಹಜ್ಯೋತಿಯ ಅರ್ಜಿ ಶುರುವಾದಾಗ ಸರ್ವರ್ ಸುಸ್ತಾಗಿ ಕೂತದ್ದೂ ಇಲ್ಲಿಯೇ. ಇಂಥ ಪೋರ್ಟಲ್ ಎಂದ ಕೂಡಲೇ ನಮಗೆ ಮುಖಪುಟ, ಬಟನ್ನು, ಓಟಿಪಿ ನೆನಪಾಗುತ್ತವೆ. ಅವೆಲ್ಲ ಬರೀ ಬಾಗಿಲು. ಚೆನ್ನಾಗಿರಬೇಕು ನಿಜ, ಆದರೆ ಅವನ್ನು ಕಟ್ಟುವುದು ಅಂಥ ದೊಡ್ಡ ವಿದ್ಯೆಯಲ್ಲ. ವಿದ್ಯೆ ಬೇಕಿರುವುದು ಬಾಗಿಲಿನ ಒಳಗೆ. ಕಂದಾಯ ಇಲಾಖೆಯ ಮುನಿಯಪ್ಪ, ಆಹಾರ ಇಲಾಖೆಯ ಮುನಿಅಪ್ಪ, ಬ್ಯಾಂಕಿನ ಎರಡು ‘ಎನ್’ನ ಮುನಿಯಪ್ಪ ಮೂವರೂ ಒಬ್ಬರೇ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಹಿಂದೆ ಈ ಕೆಲಸ ಮಾಡುತ್ತಿದ್ದವರು ಶಾನುಭೋಗರು. ಲೆಕ್ಕದ ಪುಸ್ತಕದಲ್ಲಿ ಏನೇ ಬರೆದಿರಲಿ, ಯಾವ ಮುನಿಯಪ್ಪ ಯಾರ ಮಗ, ಯಾವ ಸರ್ವೆ ನಂಬರು ಯಾರ ಕೈಯಲ್ಲಿದೆ ಎಂಬುದು ಅವರ ತಲೆಯಲ್ಲಿರುತ್ತಿತ್ತು. ಆ ತಿಳಿವಳಿಕೆಯೇ ಅವರ ದರ್ಬಾರಿಗೂ ಕಾರಣವಾಗಿತ್ತು ಅನ್ನಿ. 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆದುಹಾಕಿತು. ಮುಂದೆ ‘ಭೂಮಿ’ ಯೋಜನೆ ಬಂದು, 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಯಲ್ಲಿ ಹೆಸರು ಹೇಗಿತ್ತೋ ಹಾಗೇ ಹೋಯಿತು. ಶಾನುಭೋಗರ ತಲೆಯಲ್ಲಿದ್ದದ್ದು ಮಾತ್ರ ಹೋಗಲಿಲ್ಲ.

ನಮ್ಮ ಹೆಸರುಗಳ ಕಟ್ಟಡವೇ ಬೇರೆ. ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಚೌಕ ಕೊಡುವ ಅರ್ಜಿಗೆ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ತುಂಬಿ ನೋಡಿ: ಮೊದಲ ಚೌಕಕ್ಕೆ ಊರು ಹೋಗುತ್ತದೆ, ಕೊನೆಯದಕ್ಕೆ ಜಾತಿ. ಕಾವ್ಯನಾಮ ‘ಶ್ರೀನಿವಾಸ’ಕ್ಕೆ ಚೌಕವೇ ಇಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಡಿ’ ದೇವನಹಳ್ಳಿಯದು. ಪಹಣಿಯದ್ದು ಇನ್ನೊಂದು ಭಾಷೆ: ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಆಂಧ್ರದ ಗಡಿಗೆ ಹೋದರೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗಿನ ‘ಪೆದ್ದ’ ದೊಡ್ಡವನು, ಕನ್ನಡದ ಪೆದ್ದ ದಡ್ಡ. ಹಾಗಾಗಿ ಮನೆಯವರು ಬರೆಸಿದ ಪೆದ್ದಮುನಿಯಪ್ಪನನ್ನು ಮೇಷ್ಟ್ರು ಕನಿಕರಪಟ್ಟು ದೊಡ್ಡಮುನಿಯಪ್ಪನನ್ನಾಗಿ ತಿದ್ದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮುನೇಶ್ವರನ ಹೆಸರನ್ನು ಮಕ್ಕಳಿಗಿಡುವ ಸೀಮೆ ಬೇರೆ ಇದು. ಕೋಲಾರದಿಂದ 7 ಸಲ ಲೋಕಸಭೆಗೆ ಗೆದ್ದವರು ಕೆ.ಎಚ್. ಮುನಿಯಪ್ಪ, 2019ರಲ್ಲಿ ಅವರನ್ನು ಸೋಲಿಸಿದವರು ಎಸ್. ಮುನಿಸ್ವಾಮಿ. ಒಂದೇ ಊರಿನ ಪಟ್ಟಿಯಲ್ಲಿ ಮುನಿಯಪ್ಪ, ಮುನಿಯಮ್ಮ, ಮುನಿವೆಂಕಟಪ್ಪ, ಮುನಿರಾಜು, ಚಿಕ್ಕಮುನಿಯಪ್ಪ ಸಾಲಾಗಿ ನಿಂತಿರುತ್ತಾರೆ.

ಎರಡು ಹೆಸರು ಎಷ್ಟು ಹತ್ತಿರ ಎಂದು ಅಳೆಯುವ ಒಂದು ಕೋಲನ್ನು ಸೋವಿಯತ್ ಗಣಿತಜ್ಞ ವ್ಲಾಡಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟರು. ಒಂದು ಪದವನ್ನು ಇನ್ನೊಂದು ಪದವಾಗಿಸಲು ಕಡಿಮೆ ಎಂದರೆ ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು? ಆ ಎಣಿಕೆಯೇ ದೂರ. ಇಂಗ್ಲಿಷಿನಲ್ಲಿ ಬರೆದ ಮುನಿಯಪ್ಪನಿಂದ ಪಾಸ್‌ಬುಕ್ಕಿನ ಎರಡು ‘ಎನ್’ನ ಮುನಿಯಪ್ಪನಿಗೆ ದೂರ 2: ಒಂದು ‘ಎನ್’ ಸೇರಿಸಿ, ಒಂದು ‘ವೈ’ ತೆಗೆಯಿರಿ. ಸರಿ. ಮುನಿಯಪ್ಪನಿಂದ ಅವರ ಹೆಂಡತಿ ಮುನಿಯಮ್ಮನಿಗೆ ಎಷ್ಟು? ಎರಡು ‘ಪಿ’ಗಳನ್ನು ‘ಎಂ’ ಮಾಡಿದರಾಯಿತು. ಅದೂ 2! ಈ ಕೋಲಿನ ಪ್ರಕಾರ ಮುನಿಯಪ್ಪ ತನ್ನಿಂದ ತಾನು ಎಷ್ಟು ದೂರವೋ ಹೆಂಡತಿಯಿಂದಲೂ ಅಷ್ಟೇ ದೂರ.

ಇದಕ್ಕಿಂತ ಹಳೆಯದೊಂದು ಉಪಾಯವಿದೆ, ‘ಸೌಂಡೆಕ್ಸ್’. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಒಂದೇ ರೀತಿ ಉಲಿಯುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು ಅದರ ಕ್ರಮ. ‘ಎಂ’, ‘ಎನ್’ಗಳಿಗೆ 5, ‘ಪಿ’, ‘ಬಿ’ಗಳಿಗೆ 1, ಜೋಡಿ ಅಕ್ಷರ ಒಂದೇ ಲೆಕ್ಕ. ಆಗ ‘ವೈ’ ಇರಲಿ ಬಿಡಲಿ, ‘ಎನ್’ ಒಂದಿರಲಿ ಎರಡಿರಲಿ, ಮುನಿಯಪ್ಪ ಯಾವಾಗಲೂ ಎಂ-510. ಮುನಿಯಮ್ಮ ಎಂ-550. ದಂಪತಿ ಬೇರೆಯಾದರು! ಆದರೆ ಅಷ್ಟಕ್ಕೇ ಹಿಗ್ಗಬೇಡಿ. ಮಾನಪ್ಪನದೂ ಎಂ-510, ಮಣಿಯಪ್ಪನದೂ ಎಂ-510.

ಇಂಗ್ಲಿಷಿನ ಸಹವಾಸವೇ ಬೇಡ, ಕನ್ನಡದಲ್ಲೇ ಹೋಲಿಸೋಣ ಎಂದರೆ ಅಲ್ಲಿಯೂ ಎಚ್ಚರ ಬೇಕು. ‘ಮುನಿಯಪ್ಪ’ ನಮ್ಮ ಕಣ್ಣಿಗೆ 4 ಅಕ್ಷರ. ಯೂನಿಕೋಡಿನಲ್ಲಿ ಕೊಂಬು, ಗುಡಿಸು, ವಿರಾಮ ಎಲ್ಲ ಬೇರೆ ಬೇರೆಯಾಗಿ 8 ಸಂಕೇತ. ಅಕ್ಷರದ ಲೆಕ್ಕದಲ್ಲಿ ನೋಡಿದರೆ ‘ಮುನಿಅಪ್ಪ’ ಮತ್ತು ‘ಮುನಿಯಮ್ಮ’ ಎರಡೂ ಒಂದೊಂದೇ ಅಕ್ಷರ ಆಚೆ. ‘ಯ’ ಹೋಗಿ ‘ಅ’ ಬಂದರೆ ಏನೂ ಆಗಿಲ್ಲ, ‘ಪ್ಪ’ ಹೋಗಿ ‘ಮ್ಮ’ ಬಂದರೆ ಮನುಷ್ಯರೇ ಬದಲಾದರು ಎಂಬುದು ಕನ್ನಡ ಬಲ್ಲವರಿಗೆ ಮಾತ್ರ ಗೊತ್ತಿರುವ ಸತ್ಯ. ಹಾಗಾಗಿ ಯಾವ ವ್ಯತ್ಯಾಸಕ್ಕೆ ಎಷ್ಟು ದಂಡ ಎಂಬ ಪಟ್ಟಿಯನ್ನು ಇಲ್ಲಿಯ ಭಾಷೆ ತಿಳಿದವರೇ ಬರೆಯಬೇಕು: ಶ-ಸ ಗೊಂದಲಕ್ಕೆ ಕಡಿಮೆ, ಲ-ಳ ಗೊಂದಲಕ್ಕೆ ಕಡಿಮೆ, ಅಪ್ಪ-ಅಮ್ಮನಿಗೆ ಪೂರ್ತಿ. ಹೊರಗಿನಿಂದ ಕೊಂಡು ತಂದ ತಂತ್ರಾಂಶದಲ್ಲಿ ಇದು ಸಿಗುತ್ತದೆಂದು ನಂಬುವಂತಿಲ್ಲ.

ಹೆಸರೊಂದನ್ನೇ ನೆಚ್ಚಬಾರದು ಎಂಬುದೂ ಹಳೆಯ ಪಾಠ. ಒಬ್ಬ ಮನುಷ್ಯನ ಬೇರೆ ಬೇರೆ ದಾಖಲೆಗಳನ್ನು ಒಂದು ಪುಸ್ತಕದ ಹಾಳೆಗಳಂತೆ ಜೋಡಿಸುವ ಕೆಲಸದ ಬಗ್ಗೆ ಅಮೆರಿಕದ ಹಾಲ್ಬರ್ಟ್ ಡನ್ 1946ರಲ್ಲೇ ಬರೆದಿದ್ದರು. ಅದಕ್ಕೆ ಗಟ್ಟಿ ಗಣಿತ ಕೊಟ್ಟವರು ಕೆನಡಾದ ಸಂಖ್ಯಾಶಾಸ್ತ್ರಜ್ಞರಾದ ಐವನ್ ಫೆಲಿಗಿ ಮತ್ತು ಆಲನ್ ಸಂಟರ್, 1969ರಲ್ಲಿ. ಅವರ ತಿರುಳು ಇಷ್ಟು: ಅಪರೂಪದ ಹೊಂದಿಕೆಗೆ ಹೆಚ್ಚು ಅಂಕ, ಮಾಮೂಲಿ ಹೊಂದಿಕೆಗೆ ಕಡಿಮೆ. ಒಂದೂರಿನಲ್ಲಿ 8 ಗಂಡಸರಿಗೊಬ್ಬ ಮುನಿಯಪ್ಪ ಎಂದಿಟ್ಟುಕೊಳ್ಳಿ. ಹೆಸರು ಹೊಂದಿದರೆ 3 ಅಂಕ, ಏಕೆಂದರೆ ಮೂರು ಎರಡುಗಳನ್ನು ಗುಣಿಸಿದರೆ 8. ಸಾವಿರಕ್ಕೊಬ್ಬರಿಗೆ ಇರುವ ಹೆಸರಾದರೆ ಸುಮಾರು 10 ಅಂಕ, ಹತ್ತು ಎರಡುಗಳ ಗುಣಲಬ್ಧ 1024. ಹೀಗೆ ತಂದೆಯ ಹೆಸರು, ಊರು, ಹುಟ್ಟಿದ ದಿನ ಎಲ್ಲಕ್ಕೂ ಅಂಕ ಕೊಟ್ಟು ಕೂಡುವುದು. ವರ್ಷದ ದಿನಗಳ ಲೆಕ್ಕದಲ್ಲಿ, ಹುಟ್ಟಿದ ದಿನ ಹೊಂದಿದರೆ ಸುಮಾರು ಎಂಟೂವರೆ ಅಂಕ ಸಿಗಬೇಕು. ಆದರೆ ವಯಸ್ಸಾದವರ ಆಧಾರ್ ತೆಗೆದು ನೋಡಿ: ದಿನಾಂಕ ಗೊತ್ತಿಲ್ಲದವರಿಗೆಲ್ಲ ಜನವರಿ 1. ಶಾಲೆಯ ದಾಖಲೆಯಲ್ಲಾದರೆ ಜೂನ್ 1. ಊರಿಗೆ ಊರೇ ಒಂದೇ ದಿನ ಹುಟ್ಟಿದ್ದರೆ ಆ ಹೊಂದಿಕೆಗೆ ಏನು ಬೆಲೆ?

ಆಧಾರ್ ಸಂಖ್ಯೆ ಇದೆಯಲ್ಲ, ಈ ಪಾಡೆಲ್ಲ ಯಾಕೆ ಎಂದು ನೀವು ಕೇಳಬಹುದು. ಸಂಖ್ಯೆಯಲ್ಲೊಂದು ಸೊಗಸಿದೆ ನಿಜ. ಆಧಾರಿನ 12ನೇ ಅಂಕಿ ಉಳಿದ 11 ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟ ಕಾವಲುಗಾರ. ಡಚ್ ಗಣಿತಜ್ಞ ಯಾಕೋಬುಸ್ ವರ್‌ಹೂಫ್ ಕಂಡುಹಿಡಿದ ವಿಧಾನ ಅದು. ಒಂದು ಅಂಕಿ ತಪ್ಪಾದರೆ, ಪಕ್ಕಪಕ್ಕದ ಎರಡು ಅದಲುಬದಲಾದರೆ ತಕ್ಷಣ ಸಿಕ್ಕಿಬೀಳುತ್ತದೆ. ಹೆಸರಿಗೆ ಅಂಥ ಕಾವಲುಗಾರನಿಲ್ಲ. ಆದರೆ ಹಳೆಯ ಪಹಣಿಗೆ ಆಧಾರ್ ಸಂಖ್ಯೆಯನ್ನು ಮೊದಲ ಸಲ ಕಟ್ಟುವಾಗ ಯಾವ ಮುನಿಯಪ್ಪನಿಗೆ ಯಾವ ಸಂಖ್ಯೆ ಎಂದು ಯಾರಾದರೂ ತೀರ್ಮಾನಿಸಲೇಬೇಕು. 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಗ್ರಾಮ ಆಡಳಿತ ಅಧಿಕಾರಿಗಳೇ ರೈತರನ್ನು ಹುಡುಕಿಕೊಂಡು ಓಡಾಡಬೇಕಾಯಿತು. ತೀರಿಕೊಂಡ ತಾತನ ಹೆಸರಿನಲ್ಲೇ ಉಳಿದ, ಪೌತಿ ಖಾತೆಯಾಗದ ಜಮೀನುಗಳು ಬೇರೆ. ತಾತನಿಗೆ ಎಲ್ಲಿಯ ಆಧಾರ್?

ಒಮ್ಮೆ ಗಂಟು ಸರಿಯಾಗಿ ಬಿದ್ದರೆ ಅನುಕೂಲ ಸಣ್ಣದಲ್ಲ. ನಾಡಕಚೇರಿಯ ಜಾತಿ, ಆದಾಯ ಪತ್ರದ ಮೇಲಿನ ‘ಆರ್‌ಡಿ’ ನಂಬರನ್ನು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತುಂಬಿದರೆ ಉಳಿದ ವಿವರವನ್ನು ಯಂತ್ರವೇ ಕೇಳಿ ತರಿಸಿಕೊಳ್ಳುತ್ತದೆ. ಎಸ್ಟೋನಿಯಾ ದೇಶ 2001ರಿಂದ ನಡೆಸುತ್ತಿರುವ ‘ಎಕ್ಸ್-ರೋಡ್’ ವ್ಯವಸ್ಥೆಯೂ ಇದೇ ದಾರಿಯದು: ಎಲ್ಲರ ಕಡತವನ್ನೂ ಒಂದೇ ಕೋಣೆಗೆ ತಂದು ರಾಶಿ ಹಾಕುವುದಿಲ್ಲ, ಅವರವರ ಕಡತ ಅವರವರ ಬಳಿ, ಬೇಕಾದಷ್ಟನ್ನು ಮಾತ್ರ ಕೇಳಿ ಪಡೆಯುವುದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಮಗೂ ಅದೇ ಒಳ್ಳೆಯದು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಫೆಲಿಗಿ ಮತ್ತು ಸಂಟರ್ ಹೇಳಿದ ಇನ್ನೊಂದು ಮಾತು ನನಗೆ ಅಂಕಗಳಿಗಿಂತ ಮುಖ್ಯವೆನಿಸುತ್ತದೆ. ಅವರು ಜೋಡಿಗಳನ್ನು ಎರಡಲ್ಲ, ಮೂರು ರಾಶಿ ಮಾಡಿದರು: ಒಬ್ಬರೇ, ಒಬ್ಬರಲ್ಲ, ಮತ್ತು ಹೇಳಲಾಗದು. ಮೂರನೆಯ ರಾಶಿಯನ್ನು ಮನುಷ್ಯರು ಕೂತು ನೋಡಬೇಕು. ನಮ್ಮ ಪರದೆಗಳು ಆ ಮೂರನೆಯ ರಾಶಿಯನ್ನು ಎರಡನೆಯದಕ್ಕೆ ತಳ್ಳಿ ‘ಹೆಸರು ಹೊಂದಾಣಿಕೆಯಾಗುತ್ತಿಲ್ಲ’ ಎಂದು ಕೆಂಪಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತವೆ. ಆಗ ಮುನಿಯಣ್ಣ ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಛಾಪಾ ಕಾಗದ ಕೊಂಡು, ನೋಟರಿಯ ಎದುರು ‘ಎರಡೂ ಹೆಸರು ನನ್ನವೇ’ ಎಂದು ಅಫಿಡವಿಟ್ ಮಾಡಿಸಬೇಕು. ಒಂದು ದಿನದ ಕೂಲಿ ಹೋಯಿತು. ಮಾಸ್ತಿ, ಟೇಕಲ್, ಆವಣಿ, ತಾಯಲೂರು, ರಾಯಲ್ಪಾಡು, ವೇಮಗಲ್ ಹೋಬಳಿಗಳಲ್ಲೆಲ್ಲ ನಾಡಕಚೇರಿಯಿದೆ, ಊರೂರಿಗೆ ಗ್ರಾಮ ಆಡಳಿತ ಅಧಿಕಾರಿಯಿದ್ದಾರೆ. ಅನುಮಾನದ ಹೆಸರುಗಳ ಪಟ್ಟಿ ತಾನಾಗಿ ಅವರ ಮೇಜಿಗೆ ಬರಬೇಕು. ವಿಚಾರಿಸಿ ಅವರು ಒಮ್ಮೆ ‘ಒಬ್ಬರೇ’ ಎಂದು ಬರೆದರೆ ಎಲ್ಲ ಇಲಾಖೆಗಳೂ ಅದನ್ನು ಒಪ್ಪಬೇಕು. ಬರೆದವರ ಹೆಸರು, ದಿನಾಂಕ ರೈತನಿಗೂ ಕಾಣಬೇಕು. ಶಾನುಭೋಗರ ತಿಳಿವಳಿಕೆ ಬೇಕು, ದರ್ಬಾರು ಬೇಡ.

ಅದು ಆಗುವವರೆಗೆ ಒಂದು ಕೆಲಸ ನಿಮ್ಮ ಕೈಯಲ್ಲಿದೆ. ಪಹಣಿ, ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಒಂದೇ ಕಡೆ ಹರಡಿಕೊಂಡು ಹೆಸರನ್ನು ಅಕ್ಷರ ಅಕ್ಷರ ಓದಿ. ಮನೆಯ ಹಿರಿಯರದನ್ನು ಮೊದಲು ನೋಡಿ. ತಿದ್ದಬೇಕಾದ್ದು ಕಂಡರೆ ಈಗಲೇ ಅರ್ಜಿ ಕೊಡಿ, ಪರಿಹಾರದ ದುಡ್ಡು ಬರುವ ವಾರ ಬೇಡ.