ನಾಯಿಯ ಬಾಲ ಏಕೆ ಜೋತುಬಿತ್ತು?

ಮಕ್ಕಳೇ, ನೀವು ಶಾಲೆಯಿಂದ ಮನೆಗೆ ಬಂದ ಕೂಡಲೇ ನಿಮ್ಮ ನಾಯಿ ಬಾಲ ಅಲ್ಲಾಡಿಸುತ್ತಾ ಓಡಿ ಬರುತ್ತದೆ ಅಲ್ಲವೇ? ಒಂದು ದಿನ ಅದು ಎದ್ದು ಬಾರದೆ, ಬಾಲ ಜೋತುಬಿಟ್ಟು ಮೂಲೆಯಲ್ಲಿ ಮಲಗಿದ್ದರೆ 'ಸೋಮಾರಿ' ಎಂದು ಗದರಬೇಡಿ. ಅದಕ್ಕೆ ನೋವಾಗಿರಬಹುದು. ಆ ನೋವನ್ನು ನೀವು ಕಣ್ಣಿನಿಂದಲೇ ಗುರುತಿಸಬೇಕು.

ಬಾಲವೂ ಬೆನ್ನುಮೂಳೆಯೇ

ನಿಮ್ಮ ಬೆನ್ನಿನ ನಡುವೆ ಕೈಯಾಡಿಸಿ. ಗಂಟುಗಂಟಾಗಿ ತಗಲುವುದೇ ಕಶೇರುಮಣಿಗಳು. ನಾಯಿಗೆ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಮಣಿಗಳಿವೆ. ಅವುಗಳ ಹಿಂದೆ 3 ಮಣಿಗಳು ಒಂದಾಗಿ ಬೆಸೆದುಕೊಂಡಿವೆ. ಅಲ್ಲಿಂದ ಮುಂದಿನದೇ ಬಾಲ. ನೀಳ ಬಾಲದಲ್ಲಿ ಸುಮಾರು 20 ಮಣಿಗಳಿರುತ್ತವೆ. ಮೋಟು ಬಾಲದಲ್ಲಿ ಕಡಿಮೆ.

ಮಣಿಗಳ ಒಳಗಿನ ಕೊಳವೆಯಲ್ಲಿ ಮಿದುಳುಬಳ್ಳಿ ಸಾಗುತ್ತದೆ. ಅದರ ಕೊನೆಯ ಭಾಗದಿಂದ ಹೊರಡುವ ನರಗಳು ಹಿಂಗಾಲು, ಬಾಲ, ಮೂತ್ರಕೋಶ ಮತ್ತು ಗುದದ್ವಾರಕ್ಕೆ ಹೋಗುತ್ತವೆ. ಆದ್ದರಿಂದ ಬಾಲವನ್ನು ಜೋರಾಗಿ ಎಳೆದರೆ ಈ ನರಗಳಿಗೂ ಪೆಟ್ಟಾಗಬಹುದು. ಆಗ ನಾಯಿ ಮೂತ್ರ ಹಿಡಿದುಕೊಳ್ಳಲಾರದು. ತಮಾಷೆಗೂ ನಾಯಿಯ ಬಾಲ ಎಳೆಯಬಾರದು.

ಏನೇನು ತೊಂದರೆ?

ತಣ್ಣನೆಯ ನೀರಿನಲ್ಲಿ ಬಹಳ ಹೊತ್ತು ಈಜಿದ ಅಥವಾ ಅತಿಯಾಗಿ ಓಡಿದ ನಾಯಿಯ ಬಾಲ ಮರುದಿನ ಜೋತುಬೀಳುವುದುಂಟು. ಇದು ಬಾಲದ ಬುಡದ ಸ್ನಾಯುಗಳ ನೋವು. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಂತಹ ಸಪೂರ ಬಾಲದ ನಾಯಿಗಳು ಖುಷಿಯಲ್ಲಿ ಬಾಲವನ್ನು ಗೋಡೆಗೆ ಬಡಿದು ತುದಿಯಲ್ಲಿ ಗಾಯ ಮಾಡಿಕೊಳ್ಳಬಹುದು.

ಬೆನ್ನಿನ ತೊಂದರೆ ಹೆಚ್ಚು ಗಂಭೀರ. ಎರಡು ಮಣಿಗಳ ನಡುವೆ ಮೆತ್ತೆಯಂತಹ ಡಿಸ್ಕ್ ಇದೆ. ಅದು ಗಟ್ಟಿಯಾಗಿ ಉಬ್ಬಿದರೆ ಮಿದುಳುಬಳ್ಳಿಯನ್ನು ಒತ್ತುತ್ತದೆ. ಗಿಡ್ಡ ಕಾಲು, ಉದ್ದ ಬೆನ್ನಿನ ಡ್ಯಾಶ್‌ಹಂಡ್ ತಳಿಯಲ್ಲಿ ಇದು ಹೆಚ್ಚು.

ಗುರುತಿಸುವುದು ಹೇಗೆ?

* ಬೆನ್ನು ಗೂನಾಗುತ್ತದೆ, ಮುಟ್ಟಿದರೆ ಕುಂಯ್‌ಗುಡುತ್ತದೆ.
* ಮೆಟ್ಟಿಲು ಹತ್ತಲು, ಜಿಗಿಯಲು ಹಿಂಜರಿಯುತ್ತದೆ.
* ನಡೆಯುವಾಗ ಹಿಂಗಾಲು ತೂರಾಡುತ್ತದೆ. ಪಾದ ಮಡಚಿಕೊಂಡು ಉಗುರು ನೆಲಕ್ಕೆ ಉಜ್ಜುತ್ತದೆ.
* ಕಾಲು ಎಳೆಯುತ್ತದೆ. ಮೂತ್ರ ತಾನಾಗಿ ಸೋರುತ್ತದೆ ಅಥವಾ ಕಟ್ಟಿಕೊಳ್ಳುತ್ತದೆ.

ಕೊನೆಯ ಲಕ್ಷಣ ಕಂಡರೆ ನಾಳೆಗೆ ಬಿಡಬೇಡಿ. ಅಂದೇ ಪಶು ಆಸ್ಪತ್ರೆಗೆ ಒಯ್ಯಲು ಹಿರಿಯರಿಗೆ ಹೇಳಿ. ತಡವಾದಷ್ಟೂ ಕಾಲಿಗೆ ಮತ್ತೆ ಶಕ್ತಿ ಬರುವುದು ಕಷ್ಟ. ಬೆನ್ನು ಅಲುಗದಂತೆ ಹಿರಿಯರೇ ಅದನ್ನು ಚಪ್ಪಟೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ನಾವು ನುಂಗುವ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಅವು ನಾಯಿಗೆ ವಿಷವಾಗಬಹುದು.

ಎಚ್ಚರ!

ನೋವಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು. ರೇಬಿಸ್ ರೋಗದಲ್ಲೂ ಕಾಲುಗಳ ಶಕ್ತಿ ಹೋಗುವುದುಂಟು. ಕಾಲೆಳೆಯುವ ಬೀದಿ ನಾಯಿಯನ್ನು ಮುಟ್ಟದೆ ದೊಡ್ಡವರಿಗೆ ತಿಳಿಸಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಮಾಡಿ ನೋಡಿ

ಖಾಲಿ ದಾರದ ಉರುಳೆಗಳನ್ನೂ ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರ್ ಬಿಲ್ಲೆಗಳನ್ನೂ ಒಂದಾದ ಮೇಲೊಂದರಂತೆ ದಾರಕ್ಕೆ ಪೋಣಿಸಿ, ಬಗ್ಗಿಸಿ. ಈಗ ಬಿಲ್ಲೆಗಳನ್ನು ತೆಗೆದು ಮತ್ತೆ ಬಗ್ಗಿಸಿ. ಏನು ವ್ಯತ್ಯಾಸ ಕಂಡಿತು? ಈ ಮಾದರಿಯಲ್ಲಿ ಡಿಸ್ಕ್ ಯಾವುದು, ಮಿದುಳುಬಳ್ಳಿ ಯಾವುದು? ತರಗತಿಯಲ್ಲಿ ಚರ್ಚಿಸಿ.