ಫ್ಲ್ಯಾಟ್ ನಿಮ್ಮದು, ಕಟ್ಟಡ ಯಾರದು?

ಕೋಲ್ಕತ್ತಾ: 2025ರ ಜನವರಿ 14, ಮಕರ ಸಂಕ್ರಾಂತಿ. ಕನ್ನಡಿಗರ ಮನೆಗಳಲ್ಲಿ ಎಳ್ಳು-ಬೆಲ್ಲ ಹಂಚುವ, ಬಂಗಾಳಿಗಳ ಮನೆಗಳಲ್ಲಿ ಪಿಠೆ ಬೇಯುವ ದಿನ. ಅಂದು ದಕ್ಷಿಣ ಕೋಲ್ಕತ್ತಾದ ಬಾಘಾಜತೀನ್ ಬಳಿಯ ವಿದ್ಯಾಸಾಗರ ಕಾಲೊನಿಯಲ್ಲಿ ನಾಲ್ಕು ಅಂತಸ್ತಿನ ಫ್ಲ್ಯಾಟ್ ಕಟ್ಟಡವೊಂದರ ಕೆಳ ಅಂತಸ್ತು ಕುಸಿದು, ಇಡೀ ಕಟ್ಟಡ ಒಂದು ಪಕ್ಕಕ್ಕೆ ವಾಲಿ ನಿಂತಿತು. ದುರಸ್ತಿಗೆಂದು ನಿವಾಸಿಗಳು ಮೊದಲೇ ಮನೆ ಖಾಲಿ ಮಾಡಿದ್ದರಿಂದ ಜೀವಹಾನಿ ಆಗಲಿಲ್ಲ. ಕಟ್ಟಡವನ್ನು ಬುಡದಿಂದ ಎತ್ತಿ ಸರಿಪಡಿಸುವ ಕೆಲಸವನ್ನು ಹರಿಯಾಣದ ಒಂದು ಸಂಸ್ಥೆ ನಡೆಸುತ್ತಿತ್ತು. ಅದಕ್ಕೆ ಮಹಾನಗರಪಾಲಿಕೆಯ ಅನುಮತಿ ಪಡೆದಿರಲಿಲ್ಲ ಎಂದು ಮೇಯರ್ ಆಗಲೇ ತಿಳಿಸಿದರು. ಪ್ರೊಮೋಟರ್‌ನನ್ನು ಪೊಲೀಸರು ಬಂಧಿಸಿದರು. ಅಲ್ಲಿನ ಕುಟುಂಬಗಳಿಗೆ ಮನೆಯೇ ಇಲ್ಲದಂತಾಯಿತು.

ಯಾರ ತಪ್ಪು ಎಷ್ಟು ಎಂಬುದನ್ನು ಹೇಳಬೇಕಾದುದು ನ್ಯಾಯಾಲಯ. ಆದರೆ ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು "ಪಾಲಿಕೆಯ ಅನುಮತಿ ಪತ್ರ ಎಲ್ಲಿ, ಎಂಜಿನಿಯರರ ವರದಿ ಎಲ್ಲಿ, ಯಾವ ಸಭೆಯಲ್ಲಿ ತೀರ್ಮಾನವಾಯಿತು" ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಫ್ಲ್ಯಾಟ್ ಮಾಲೀಕನಿಗೂ ಇದೆ. ಈ ಹಕ್ಕನ್ನು ಬಳಸುವವರು ಮಾತ್ರ ಕಡಿಮೆ.

ಅದರಲ್ಲೂ ನಮ್ಮವರ ವಿಷಯ ಬೇರೆಯೇ. ಬ್ಯಾಂಕು, ವಿಮೆ, ಕೇಂದ್ರ ಸರಕಾರದ ಕಚೇರಿಗಳ ವರ್ಗಾವಣೆಯ ಮೇಲೆ ಬಂದು ಇಲ್ಲಿಯೇ ನೆಲೆ ನಿಂತು ಫ್ಲ್ಯಾಟ್ ಕೊಂಡ ಕನ್ನಡಿಗರು ಕಟ್ಟಡದ ಸಭೆಗೆ ಹೋಗುವುದು ಅಪರೂಪ. ಹೋದರೂ ಮಾತೆಲ್ಲ ಬಂಗಾಳಿಯಲ್ಲಿ ನಡೆಯುತ್ತದೆ, ಹಿಂದಿನ ಸಾಲಿನಲ್ಲಿ ಕುಳಿತು ಚಹಾ ಕುಡಿದು ಸಹಿ ಹಾಕಿ ಬರುವುದೇ ಹೆಚ್ಚು. ಇದೇ ಬಾಂಧವರು ಕನ್ನಡ ಸಂಘದ ವಾರ್ಷಿಕ ಮಹಾಸಭೆಯಲ್ಲಿ ರಾಜ್ಯೋತ್ಸವದ ಕಾಫಿ-ತಿಂಡಿಯ ಬಿಲ್ಲಿನಲ್ಲಿ ಐನೂರು ರೂಪಾಯಿ ಹೆಚ್ಚಾಯಿತೆಂದು ಅರ್ಧ ಗಂಟೆ ಚರ್ಚಿಸಬಲ್ಲರು! ಹದಿನಾರು ಫ್ಲ್ಯಾಟ್‌ಗಳ ಒಂದು ಸಾಧಾರಣ ಕಟ್ಟಡದಲ್ಲಿ ತಿಂಗಳಿಗೆ ತಲಾ 2,500 ರೂ. ನಿರ್ವಹಣಾ ಶುಲ್ಕ ಎಂದಿಟ್ಟುಕೊಂಡರೂ ವರ್ಷಕ್ಕೆ 4.80 ಲಕ್ಷ ರೂ. ಕಮಿಟಿಯ ಕೈಗೆ ಹೋಗುತ್ತದೆ. ಅದರ ಲೆಕ್ಕ ಕೇಳಲು ಸಂಕೋಚ.

ಮೊದಲು ಕಮಿಟಿಯ ಜಾತಕ ನೋಡಿ

ಲೆಕ್ಕ ಕೇಳುವ ಮೊದಲು ತಿಳಿಯಬೇಕಾದ ಒಂದು ಸಂಗತಿ ಇದೆ, ಬಹಳ ಮಂದಿ ಎಡವುವುದು ಇಲ್ಲಿಯೇ. ಮೆಟ್ಟಿಲ ಬಳಿ ಬೋರ್ಡು ಹಾಕಿಕೊಂಡಿರುವ ಆ ಕಮಿಟಿ ಕಾನೂನಿನ ಕಣ್ಣಿನಲ್ಲಿ ಏನು? ಕೋಲ್ಕತ್ತಾದಲ್ಲಿ ಅದು ನಾಲ್ಕು ಬಗೆಯದಾಗಿರಬಹುದು, ಒಂದೊಂದಕ್ಕೂ ದೂರು ಕೊಡುವ ಬಾಗಿಲು ಬೇರೆ ಬೇರೆ.

ಒಂದು, 1972ರ ಪಶ್ಚಿಮ ಬಂಗಾಳ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ರಚನೆಯಾದ ಮಾಲೀಕರ ಸಂಘ. ಕರ್ನಾಟಕದ ಕಾಯ್ದೆಯೂ 1972ರದ್ದೇ ಆದ್ದರಿಂದ ಬೆಂಗಳೂರಿನಲ್ಲಿ ಫ್ಲ್ಯಾಟ್ ಇರುವವರಿಗೆ ಇದರ ಚೌಕಟ್ಟು ಪರಿಚಿತ. ಘೋಷಣಾ ಪತ್ರ ಸಲ್ಲಿಕೆಯಾಗಿ ಕಟ್ಟಡ ಕಾಯ್ದೆಯ ವ್ಯಾಪ್ತಿಗೆ ಬಂದ ಮೇಲೆ ಅಲ್ಲಿನ ಎಲ್ಲ ಮಾಲೀಕರೂ ಸಂಘದ ಸದಸ್ಯರು. ಆಡಳಿತಕ್ಕೆ ಚುನಾಯಿತ ವ್ಯವಸ್ಥಾಪಕ ಮಂಡಳಿ, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಮೇಲೆ ರಾಜ್ಯದ ವಸತಿ ಇಲಾಖೆಯ ಅಧೀನದಲ್ಲಿ ಸಕ್ಷಮ ಪ್ರಾಧಿಕಾರ ಇದೆ. ಮಂಡಳಿ ಬೈಲಾ ಮೀರಿದರೆ ದೂರು ಒಯ್ಯಬೇಕಾದುದು ಅಲ್ಲಿಗೆ.

ಎರಡು, ಸಹಕಾರಿ ಗೃಹ ನಿರ್ಮಾಣ ಸಂಘ. ಸಾಲ್ಟ್ ಲೇಕ್‌ನಲ್ಲಿ ಈ ಬಗೆಯ ಕಟ್ಟಡಗಳು ಬಹಳ. ಇವಕ್ಕೆ 2006ರ ಪಶ್ಚಿಮ ಬಂಗಾಳ ಸಹಕಾರ ಸಂಘಗಳ ಕಾಯ್ದೆ ಅನ್ವಯಿಸುತ್ತದೆ. ಲೆಕ್ಕ ಪರಿಶೋಧನೆ ಕಡ್ಡಾಯ, ಚುನಾವಣೆಗೆ ರಾಜ್ಯದ ಸಹಕಾರ ಚುನಾವಣಾ ಆಯೋಗವಿದೆ, ವಿವಾದ ಸಹಕಾರ ಸಂಘಗಳ ನಿಬಂಧಕರ ಮುಂದೆ ಹೋಗುತ್ತದೆ. ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಪಳಗಿ ಇಲ್ಲಿಗೆ ಬಂದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಹಕಾರ ಸಂಘಕ್ಕೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಸಾಮಾನ್ಯವಾಗಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್‌ನಲ್ಲಿ, ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಆದರೆ ನಿಬಂಧಕರು ಸರಕಾರಿ ಅಧಿಕಾರಿ. ಕಾನೂನಿನಂತೆ ಅವರು ಸಂಘದಿಂದ ಪಡೆಯಬಹುದಾದ ಕಾಗದಗಳನ್ನು ಅವರ ಮೂಲಕ ಕೇಳಬಹುದೆಂದೂ ಅದೇ ತೀರ್ಪು ಹೇಳುತ್ತದೆ.

ಮೂರನೆಯದು 1961ರ ರಾಜ್ಯ ಸೊಸೈಟಿ ನೋಂದಣಿ ಕಾಯ್ದೆಯಡಿ ನೋಂದಣಿಯಾದ ನಿವಾಸಿಗಳ ಸಂಘ. ಪೂಜೆ, ಕ್ರೀಡೆ, ಆರೋಗ್ಯ ಶಿಬಿರಕ್ಕೆ ಇದು ಸಾಕು. ನೋಂದಣಿ ಸಂಖ್ಯೆ ಇದೆಯೆಂದ ಮಾತ್ರಕ್ಕೆ ಇದು 1972ರ ಕಾಯ್ದೆಯ ಮಾಲೀಕರ ಸಂಘ ಆಗಿಬಿಡುವುದಿಲ್ಲ. ನಾಲ್ಕನೆಯದು ಯಾವ ನೋಂದಣಿಯೂ ಇಲ್ಲದೆ, ಪ್ರೊಮೋಟರ್ ಕೈಬಿಟ್ಟು ಹೋದ ಮೇಲೆ ನಾಲ್ಕು ಜನ ಸೇರಿ ಪಂಪು, ದರ್ವಾನ್, ಲಿಫ್ಟು ನೋಡಿಕೊಳ್ಳುವ ವ್ಯವಸ್ಥೆ. ಹಳೆಯ ಮನೆ ಕೆಡವಿ ಕಟ್ಟಿದ ಚಿಕ್ಕ ಚಿಕ್ಕ ಕಟ್ಟಡಗಳಲ್ಲಿ ಹೀಗೆಯೇ ನಡೆಯುವುದುಂಟು. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ ಇರಬಹುದು. ಆದರೆ ಹಣ ಒಬ್ಬರ ಸ್ವಂತ ಬ್ಯಾಂಕ್ ಖಾತೆಗೆ ಹೋಗುತ್ತಿದ್ದರೆ ನಾಳೆ ಅವರು ತೀರಿಕೊಂಡರೆ ಅಥವಾ ಜಗಳವಾದರೆ ಉಳಿದವರ ಕೈಯಲ್ಲಿ ರಸೀದಿ ಪುಸ್ತಕ ಬಿಟ್ಟು ಬೇರೇನೂ ಇರುವುದಿಲ್ಲ. ಇಂಥ ಕಟ್ಟಡದವರು ಕಮಿಟಿಯೊಡನೆ ಜಗಳಕ್ಕೆ ಇಳಿಯುವ ಬದಲು ಎಲ್ಲರೂ ಸೇರಿ 1972ರ ಕಾಯ್ದೆಯಂತೆ ಸಂಘ ಕಟ್ಟುವುದೇ ಮೊದಲ ಕೆಲಸ.

ರೇರಾ ಎಲ್ಲಿ ಕೆಲಸಕ್ಕೆ ಬರುತ್ತದೆ

ಇತ್ತೀಚೆಗೆ ಎಲ್ಲದಕ್ಕೂ "ರೇರಾಕ್ಕೆ ಹೋಗೋಣ" ಎನ್ನುವ ಮಾತು ಕೇಳಿಬರುತ್ತದೆ. 2016ರ ಆ ಕೇಂದ್ರ ಕಾಯ್ದೆ ಮುಖ್ಯವಾಗಿ ಪ್ರೊಮೋಟರ್‌ನನ್ನು ಹಿಡಿಯಲು ಇರುವುದು, ಮಾಲೀಕರೇ ಆರಿಸಿದ ಕಮಿಟಿಯ ಲೆಕ್ಕ ನೋಡಲು ಅಲ್ಲ. ಪಶ್ಚಿಮ ಬಂಗಾಳದಲ್ಲಿ ಅದು ಜಾರಿಗೆ ಬಂದ ಕಥೆಯೇ ಸ್ವಾರಸ್ಯಕರ. ರಾಜ್ಯ ಸರಕಾರ ಕೇಂದ್ರದ ಕಾಯ್ದೆಯನ್ನು ಬಿಟ್ಟು 2017ರಲ್ಲಿ 'ಹೀರಾ' ಎಂಬ ತನ್ನದೇ ಕಾಯ್ದೆ ಮಾಡಿಕೊಂಡಿತು. ಬಹುಪಾಲು ರೇರಾದ ಅಕ್ಷರಗಳೇ, ಆದರೆ ಕೆಲವು ಕಡೆ ಕೊಳ್ಳುವವರಿಗೆ ನಷ್ಟವಾಗುವ ವ್ಯತ್ಯಾಸ. ಉದಾಹರಣೆಗೆ ರೇರಾದಲ್ಲಿ ಗ್ಯಾರೇಜ್ ಎಂದರೆ ಮೇಲೆ ಛಾವಣಿ, ಮೂರು ಕಡೆ ಗೋಡೆ ಇರಬೇಕು. ಹೀರಾದಲ್ಲಿ ಆ ಬಿಗಿ ಇರಲಿಲ್ಲ. ಮನೆ ಕೊಂಡವರ ಸಂಘಟನೆಯಾದ 'ಫೋರಂ ಫಾರ್ ಪೀಪಲ್ಸ್ ಕಲೆಕ್ಟಿವ್ ಎಫರ್ಟ್ಸ್' ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಮೇ 4ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಹೀರಾವನ್ನು ರದ್ದುಪಡಿಸಿತು. ರಾಜ್ಯದ 1993ರ ಹಳೆಯ ಪ್ರೊಮೋಟರ್ ಕಾಯ್ದೆಯೂ ಮತ್ತೆ ಜೀವ ಪಡೆಯದು ಎಂದಿತು. ಸಾಮಾನ್ಯ ಜನ ಸಂಘ ಕಟ್ಟಿಕೊಂಡು ಒಂದು ರಾಜ್ಯದ ಕಾನೂನನ್ನೇ ಕೆಡವಿದ ಉದಾಹರಣೆ ಇದು. ಸಭೆಗೆ ಹೋಗಿ ಏನು ಪ್ರಯೋಜನ ಎನ್ನುವವರು ಇದನ್ನು ನೆನಪಿಡಬೇಕು.

ಹೊಸ ಫ್ಲ್ಯಾಟ್ ಕೊಂಡವರಿಗೆ ರೇರಾದಿಂದ ಆಗುವ ಅನುಕೂಲ ಸಣ್ಣದಲ್ಲ. ಬೇರೆ ಸ್ಥಳೀಯ ಕಾನೂನು ಇಲ್ಲದ ಕಡೆ, ಹೆಚ್ಚಿನ ಫ್ಲ್ಯಾಟ್‌ಗಳು ಬುಕ್ ಆದ ಮೂರು ತಿಂಗಳೊಳಗೆ ಕೊಂಡವರ ಸಂಘ ರಚನೆಯಾಗುವಂತೆ ಪ್ರೊಮೋಟರ್ ನೋಡಿಕೊಳ್ಳಬೇಕು. ನಕ್ಷೆ ಮತ್ತಿತರ ದಾಖಲೆಗಳನ್ನು ಸಂಘಕ್ಕೆ ಒಪ್ಪಿಸಬೇಕು. ಮೂರನೇ ಎರಡರಷ್ಟು ಮಂದಿ ಲಿಖಿತ ಒಪ್ಪಿಗೆ ಕೊಡದೆ ಮಂಜೂರಾದ ನಕ್ಷೆಯನ್ನು ಬದಲಿಸುವಂತಿಲ್ಲ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷ ಕಂಡುಬಂದು ತಿಳಿಸಿದರೆ ಮೂವತ್ತು ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಈ ಐದು ವರ್ಷ ಬಹಳ ಬೇಗ ಕಳೆಯುತ್ತದೆ. ಗೋಡೆಯ ಬಿರುಕನ್ನು ಸುಣ್ಣ ಬಳಿದು ಮುಚ್ಚುವ ಮೊದಲು ಫೋಟೊ ತೆಗೆದು, ದಿನಾಂಕ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ ತಿಳಿಸಿರುವುದು ಮುಖ್ಯ. ಬಾಘಾಜತೀನ್ ಕಟ್ಟಡ ರೇರಾ ಜಾರಿಯಾಗುವ ಮೊದಲಿನದು, ಅದಕ್ಕೆ ಈ ರಕ್ಷಣೆ ಇರಲಿಲ್ಲ. 500 ಚದರ ಮೀಟರ್ ಮೀರದ ಜಾಗ ಅಥವಾ 8 ಮೀರದ ಫ್ಲ್ಯಾಟ್‌ಗಳ ಯೋಜನೆಗೆ ಕೇಂದ್ರ ಕಾಯ್ದೆ ನೋಂದಣಿಯಿಂದ ವಿನಾಯಿತಿ ಕೊಟ್ಟಿದೆ. ಈ ಮಿತಿಯನ್ನು ಇಳಿಸುವ ಅಧಿಕಾರ ರಾಜ್ಯಕ್ಕಿದೆ, ಆದ್ದರಿಂದ ಚಿಕ್ಕ ಕಟ್ಟಡದಲ್ಲಿ ಕೊಳ್ಳುವವರು ನೋಂದಣಿ ಸಂಖ್ಯೆಯನ್ನು ಕೇಳಿಯೇ ಮುಂಗಡ ಕೊಡಬೇಕು.

ಛಾವಣಿಯ ಬೀಗ

ಕೋಲ್ಕತ್ತಾದಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಎರಡು ಜಾಗಗಳಿಗಾಗಿ: ಮೇಲೆ ಛಾವಣಿ, ಕೆಳಗೆ ಕಾರು ನಿಲ್ಲಿಸುವ ಸ್ಥಳ. ಕ್ರಯಪತ್ರದಲ್ಲಿ "ಛಾವಣಿಯ ಹಕ್ಕು ಪ್ರೊಮೋಟರ್‌ಗೆ" ಎಂಬ ಸಾಲು ನುಸುಳಿರುತ್ತದೆ, ಮುಂದೊಂದು ದಿನ ಇನ್ನೊಂದು ಅಂತಸ್ತು ಏಳುತ್ತದೆ. ರೇರಾ ಸಾಮಾನ್ಯ ಟೆರೇಸನ್ನೂ ತೆರೆದ ಪಾರ್ಕಿಂಗ್ ಜಾಗವನ್ನೂ ಎಲ್ಲರಿಗೂ ಸೇರಿದ ಸ್ಥಳವೆಂದೇ ಹೇಳಿದೆ. ಅದಕ್ಕೂ ಮೊದಲು, 2010ರ ಆಗಸ್ಟ್ 31ರಂದು, ಮುಂಬಯಿಯ ದಹಿಸರ್‌ನ ಪಾಂಚಾಲಿ ಸೊಸೈಟಿಯ ಪ್ರಕರಣದಲ್ಲಿ ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲಿನ ತೀರ್ಪು ಎಂಬುದನ್ನು ಮರೆಯಬಾರದು.

ಛಾವಣಿ ಎಂದರೆ ಬಟ್ಟೆ, ಹಪ್ಪಳ ಒಣಗಿಸುವ ಜಾಗ ಮಾತ್ರವಲ್ಲ. 2010ರ ಮಾರ್ಚ್ 23ರಂದು ಪಾರ್ಕ್ ಸ್ಟ್ರೀಟಿನ ಸ್ಟೀಫನ್ ಕೋರ್ಟ್ ಕಟ್ಟಡಕ್ಕೆ ಬೆಂಕಿ ಬಿದ್ದು 43 ಮಂದಿ ಸತ್ತಾಗ, ಮೇಲಕ್ಕೆ ಓಡಿದವರಿಗೆ ಛಾವಣಿಯ ದಾರಿ ಮುಚ್ಚಿತ್ತೆಂಬ ಆಕ್ಷೇಪ ಎದ್ದಿತ್ತು. ಆ ಕಟ್ಟಡದ ಮೇಲಿನ ಅಂತಸ್ತುಗಳು ಆಮೇಲೆ ಸೇರಿಸಿದವು. ಛಾವಣಿಯ ಬೀಗದ ಕೈ ಯಾರ ಬಳಿ ಇದೆ ಎಂದು ಕಮಿಟಿಯನ್ನು ಕೇಳುವುದು ಕ್ಷುಲ್ಲಕ ಪ್ರಶ್ನೆ ಅಲ್ಲ.

ಕೇಳುವ ಕ್ರಮ

ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದಕ್ಕೆ ದಾಖಲೆ ಇರುವುದಿಲ್ಲ. ಕ್ರಯಪತ್ರ ಮತ್ತು ಬೈಲಾದ ಪ್ರತಿ ಮೊದಲು ಕೈಯಲ್ಲಿರಲಿ. ಮತ ಒಂದು ಫ್ಲ್ಯಾಟಿಗೆ ಒಂದೋ, ಪಾಲಿನ ಪ್ರಮಾಣದಲ್ಲೋ, ಕೋರಂ ಎಷ್ಟು, ವಿಶೇಷ ಸಭೆ ಕರೆಸಲು ಎಷ್ಟು ಸಹಿ ಬೇಕು ಎಂಬುದೆಲ್ಲ ಬೈಲಾದಲ್ಲೇ ಇರುತ್ತದೆ. ಆಮೇಲೆ ಕಾರ್ಯದರ್ಶಿಗೆ ಒಂದು ಪತ್ರ, ವಿನಯದ್ದೇ ಇರಲಿ: ಕಳೆದ ವರ್ಷದ ಜಮಾ-ಖರ್ಚು, ಬ್ಯಾಂಕ್ ಸ್ಟೇಟ್‌ಮೆಂಟ್, ಲಿಫ್ಟಿನ ನಿರ್ವಹಣಾ ಒಪ್ಪಂದ, ಸಭೆಯ ನಡಾವಳಿ. ಕೈಗೆ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. ಒಬ್ಬರ ಪತ್ರ ಮೂಲೆ ಸೇರಬಹುದು, ಐದು ಫ್ಲ್ಯಾಟಿನವರ ಸಹಿ ಇದ್ದ ಪತ್ರವನ್ನು ಮೂಲೆಗೆ ಹಾಕುವುದು ಕಷ್ಟ. ಭಾಷೆ ಅಡ್ಡಿಯಾದರೆ ನಡಾವಳಿಯನ್ನು ಇಂಗ್ಲಿಷಿನಲ್ಲೂ ಬರೆಯಲು ಕೇಳಬಹುದು. ನೆರೆಯ ಬಂಗಾಳಿ ಕುಟುಂಬವೊಂದನ್ನು ಜೊತೆಗೆ ಕರೆದುಕೊಂಡರೆ ಅರ್ಧ ಕೆಲಸ ಆದಂತೆ, ಏಕೆಂದರೆ ಅವರ ಹಣವೂ ಅದೇ ಪೆಟ್ಟಿಗೆಯಲ್ಲಿದೆ.

ಕೇಳುವವರ ಕೈಯೂ ಶುದ್ಧವಾಗಿರಬೇಕು. "ನಮ್ಮದು ಕೆಳ ಅಂತಸ್ತು, ಲಿಫ್ಟ್ ಬಳಸುವುದಿಲ್ಲ, ಅದರ ಖರ್ಚು ಕೊಡುವುದಿಲ್ಲ" ಎಂಬ ವಾದ ಅಪಾರ್ಟ್‌ಮೆಂಟ್ ಕಾಯ್ದೆಯ ಮುಂದೆ ನಿಲ್ಲದು. ಸಾಮಾನ್ಯ ಸೌಲಭ್ಯ ಬಳಸದಿದ್ದರೂ ಪಾಲು ಕೊಡಲೇಬೇಕು. ಕಮಿಟಿಯ ಮೇಲಿನ ಸಿಟ್ಟಿಗೆ ಶುಲ್ಕ ನಿಲ್ಲಿಸಿದವರು ಸಭೆಯಲ್ಲಿ ಬಾಯಿ ತೆರೆದೊಡನೆ "ಮೊದಲು ಬಾಕಿ ಕಟ್ಟಿ" ಎನ್ನಿಸಿಕೊಂಡು ಕೂರಬೇಕಾಗುತ್ತದೆ. ಆಕ್ಷೇಪ ಇದ್ದರೆ "ಆಕ್ಷೇಪದೊಡನೆ ಪಾವತಿ" ಎಂದು ಬರೆದು ಕೊಡುವುದು ಮೇಲು. ಪೂಜೆಯ ಚಂದಾ ಮಾತ್ರ ಬೇರೆ. ದುರ್ಗಾಪೂಜೆಗೆ ಸಂತೋಷದಿಂದ ಕೊಡುವುದು ಈ ಊರಿನ ಸೌಜನ್ಯ. ಅದನ್ನು ನಿರ್ವಹಣಾ ಬಿಲ್ಲಿನೊಳಗೆ ಸೇರಿಸಿದರೆ ಬೇರೆ ರಸೀದಿ ಕೇಳಬಹುದು. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೂ ಒಮ್ಮೆ ನೋಡಬೇಕು. 2018ರ ಜನವರಿಯಿಂದ ಸದಸ್ಯರೊಬ್ಬರ ಶುಲ್ಕ ತಿಂಗಳಿಗೆ 7,500 ರೂ. ಮೀರದಿದ್ದರೆ ಮಾಲೀಕರ ಸಂಘ ಆ ತೆರಿಗೆ ಹಾಕಬೇಕಾಗಿಲ್ಲ.

ಮಂಜೂರಾದ ನಕ್ಷೆ, ಪೂರ್ಣತಾ ಪ್ರಮಾಣಪತ್ರದ ಪ್ರತಿಯನ್ನು ಪ್ರೊಮೋಟರ್ ಕೊಡದಿದ್ದರೆ ಮಹಾನಗರಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ ಕೆಲವೇ ರೂಪಾಯಿ. ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಬೆಂಗಳೂರಿಗೋ ಮಂಗಳೂರಿಗೋ ಮರಳಿದ ಮಾಲೀಕರು ಒಂದು ಕೆಲಸ ತಪ್ಪದೆ ಮಾಡಬೇಕು: ಊರಿನ ವಿಳಾಸ, ಫೋನು, ಇ-ಮೇಲ್ ಬರೆದು ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಪಡೆಯುವುದು. ಇಲ್ಲದಿದ್ದರೆ ಮಹಾಸಭೆಯ ನೋಟಿಸು ಬಾಡಿಗೆದಾರನ ಬಾಗಿಲಿಗೆ ಬಂದು, ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹೋಗುತ್ತದೆ.