ಮಕ್ಕಳ ಸಂತೆಯ ಲೆಕ್ಕ



ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ನಡೆಯುತ್ತದೆ. ಸೊಪ್ಪು, ತರಕಾರಿ ತಂದು, ತೂಗಿ, ಮಾರಿ, ಚಿಲ್ಲರೆ ಕೊಡುವವರೆಲ್ಲ ಮಕ್ಕಳೇ. ನೆವಾರ್ಕ್‌ನಲ್ಲಿ ನೀವೂ ಕೋಡುಬಳೆ ಅಂಗಡಿ ಇಡುತ್ತೀರಾ? ಹಾಗಾದರೆ ಮೊದಲು ಸರಕನ್ನೂ ಚಿಲ್ಲರೆಗೆ ಇಟ್ಟ ಹಣವನ್ನೂ ಎಣಿಸಿ ಬರೆದಿಡಿ.

40 ಪೊಟ್ಟಣ ತಂದು 6 ಉಳಿದರೆ ಮಾರಿದ್ದು 34. ಒಂದಕ್ಕೆ 2 ಡಾಲರ್‌ನಂತೆ 68 ಡಾಲರ್. ಚಿಲ್ಲರೆಯ 20 ಸೇರಿ ಡಬ್ಬಿಯಲ್ಲಿ 88 ಇರಬೇಕು. 84 ಮಾತ್ರ ಇದೆಯೇ? ಯಾರನ್ನೂ ದೂರಬೇಡಿ. ಗೆಳೆಯರಿಗೆ ಪುಕ್ಕಟೆ ಕೊಟ್ಟ ಎರಡು ಪೊಟ್ಟಣ ಬರೆಯಲು ಮರೆತಿರಬಹುದು! ಒಬ್ಬರು ಸರಕು ಕೊಡಲಿ, ಇನ್ನೊಬ್ಬರು ಹಣ ಪಡೆಯಲಿ, ಕೊನೆಗೆ ಇಬ್ಬರೂ ಕೂಡಿ ಎಣಿಸಲಿ. ಆಗ ಲೆಕ್ಕವೂ ಉಳಿಯುತ್ತದೆ, ಗೆಳೆತನವೂ ಉಳಿಯುತ್ತದೆ.

ಪೋಷಕರೇ, ಕಡಿಮೆಯಾದ 4 ಡಾಲರನ್ನು ನಿಮ್ಮ ಜೇಬಿನಿಂದ ತುಂಬಬೇಡಿ. ಮಕ್ಕಳೇ ಹುಡುಕಲಿ.